ಸತ್ಯಾಂಶ: ಅದು ‘ಸಂತೋಷ’ ನಡೆದುಹೋಗುವ ವಿಡಿಯೊ ಅಲ್ಲ

ದೊಡ್ಡ ಚೆಂಡು ಹೊತ್ತು ಹಗ್ಗದ ಮೇಲೆ ಹೆಜ್ಜೆ ಹಾಕುವ ಪ್ರೋಟೀನ್. ‘ಮಿದುಳಿನಲ್ಲಿ ಎಂಡಾರ್ಫಿನ್ ಸಾಗುವ ಅಸಲಿ ದೃಶ್ಯ’ ಎನ್ನುತ್ತದೆ ಫಾರ್ವರ್ಡ್ (ಎಂಡಾರ್ಫಿನ್ ಎಂದರೆ ‘ಸಂತೋಷದ ಅಣು’ ಎಂದು ಕರೆಸಿಕೊಳ್ಳುವ ಮಿದುಳಿನ ರಾಸಾಯನಿಕ). ಅದು ಕಂಪ್ಯೂಟರ್ ಅನಿಮೇಷನ್. ನಡೆಯುತ್ತಿರುವುದು ಕೈನೆಸಿನ್ ಎಂಬ, ಕೋಶದೊಳಗೆ ಸರಕು ಸಾಗಿಸುವ ಪ್ರೋಟೀನ್; ಹೊತ್ತಿರುವುದು ಒಂದು ಅಣುವನ್ನಲ್ಲ, ಸಾವಿರಾರು ಅಣು ಹಿಡಿಸುವ ಪೊರೆಚೀಲವನ್ನು.

ಹೆಜ್ಜೆಯೇನೋ ನಿಜ: ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾದರೆ 8 ನ್ಯಾನೊಮೀಟರ್ (ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಎಂಟು ಪಾಲು) ಮುನ್ನಡೆ. ಹೆಜ್ಜೆಯ ಈ ಉದ್ದವನ್ನು 1993ರಲ್ಲಿ ಲೇಸರ್ ಚಿಮಟದಿಂದ, ಅಂದರೆ ಸಣ್ಣ ಕಣಗಳನ್ನು ಬೆಳಕಿನಿಂದಲೇ ಹಿಡಿದಿಡುವ ಸಾಧನದಿಂದ, ಅಳೆದದ್ದು. ಆದರೆ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರದ ಬಿಂದುಗಳನ್ನು ಬಿಡಿಸಿ ತೋರಿಸಲಾರದು. ಕಾಲು ಹೀಗೆ ಕಾಣುವ ಮಾತೇ ಇಲ್ಲ.

ಅನಿಮೇಷನ್ ಮರೆಮಾಚಿದ್ದು ಗದ್ದಲವನ್ನು. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಲೇ ಇರುತ್ತವೆ. ಎತ್ತಿದ ಕಾಲು ಮುಂದಿನ ನೆಲೆ ಹುಡುಕುವುದೂ ಬಹುಪಾಲು ಈ ಉಷ್ಣ ಚಲನೆಯಿಂದಲೇ. ಎಟಿಪಿಯ ಕೆಲಸ ಆ ಅಲೆದಾಟಕ್ಕೆ ದಿಕ್ಕು ಕೊಡುವುದು. ಎದುರಿನಿಂದ 6–7 ಪೈಕೊನ್ಯೂಟನ್ (ನ್ಯೂಟನ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪೈಕೊನ್ಯೂಟನ್) ಬಲದಲ್ಲಿ ಎಳೆದರೆ ಕೈನೆಸಿನ್ ನಿಂತೇಬಿಡುತ್ತದೆ.