ಅಮಾನತು ಎಂಬ ಠೇವಣಿ

ನಿಘಂಟಿನಲ್ಲಿ ‘ಅಮಾನತು’ ಎಂಬ ಪದಕ್ಕೆ ಎರಡು ಅರ್ಥ ಸಿಗುತ್ತವೆ. ಒಂದು, ತಪ್ಪು ಮಾಡಿದವನನ್ನು ಸದ್ಯಕ್ಕೆ ಹೊರಗಿಡುವುದು. ಇನ್ನೊಂದು, ನಂಬಿಕೆಯ ಮೇಲೆ ಬೇರೆಯವರ ವಶಕ್ಕೆ ಕೊಟ್ಟ ಹಣ, ಅಂದರೆ ಠೇವಣಿ. ಪದ ಅರಬ್ಬಿಯಿಂದ ಬಂದದ್ದು, ಹಳೆಯ ಅರ್ಥ ಎರಡನೆಯದು. ಎತ್ತಣ ಠೇವಣಿ, ಎತ್ತಣ ಶಿಕ್ಷೆ ಎಂದು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಪರಿಚಯದ ಹುಡುಗನೊಬ್ಬನನ್ನು ಅವನ ಕಾಲೇಜು ಗೇಟಿನಾಚೆ ನಿಲ್ಲಿಸಿದ ಮೇಲೆ ಸಂಬಂಧ ಹೊಳೆಯಿತು. ಹುಡುಗ ಮೊದಲನೇ ಅರ್ಥದಲ್ಲಿ ಅಮಾನತು. ಅವರಪ್ಪ ಕಟ್ಟಿದ ಫೀಸು ಎರಡನೇ ಅರ್ಥದಲ್ಲಿ.

ಹುಡುಗ ಸಾಧುವೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಾಸಿಗೆ ಚಕ್ಕರ್ ಹೊಡೆಯುತ್ತಿದ್ದ. ಯಾಕಯ್ಯಾ ಬರಲಿಲ್ಲ ಎಂದು ಕೇಳಿದ ಮೇಷ್ಟ್ರಿಗೆ ಎದುರುತ್ತರವನ್ನೂ ಕೊಟ್ಟ. ಶಿಸ್ತು ಸಮಿತಿ ಕೂತು, ಚಹಾ ಕುಡಿದು, ಗಂಭೀರವಾಗಿ ಯೋಚಿಸಿ ಶಿಕ್ಷೆ ವಿಧಿಸಿತು: ವಿಚಾರಣೆ ಮುಗಿಯುವ ತನಕ ನೀನು ಕ್ಲಾಸಿಗೆ ಬರಕೂಡದು! ಬೆಕ್ಕನ್ನು ಹಿಡಿದು, ಇನ್ನು ಮೇಲೆ ನೀರಿಗಿಳಿದೀಯ ಜೋಕೆ ಎಂದು ಗದರಿದ ಹಾಗೆ.

ಆದೇಶದ ಪ್ರತಿ ನನ್ನ ಕೈಗೂ ಬಂತು. ಒಂದೇ ಹಾಳೆ, ಕೆಳಗೆ ನೇರಳೆ ಶಾಯಿಯ ಸೀಲು. ಎರಡನೇ ಅಂಶದಲ್ಲಿ, ಸದರಿ ವಿದ್ಯಾರ್ಥಿ ಗುರುತಿನ ಚೀಟಿ ಒಪ್ಪಿಸತಕ್ಕದ್ದು, ಆವರಣದೊಳಗೆ ಕಾಲಿಡತಕ್ಕದ್ದಲ್ಲ ಎಂದಿತ್ತು. ಐದನೇ ಅಂಶದಲ್ಲಿ, ಮೇಲ್ಮನವಿ ಇದ್ದಲ್ಲಿ 7 ದಿನದೊಳಗೆ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಕಚೇರಿಗೆ ಸಲ್ಲಿಸತಕ್ಕದ್ದು ಎಂದಿತ್ತು. ಎರಡಕ್ಕೂ ಸಹಿ ಒಬ್ಬರದೇ, ಪೆನ್ನೂ ಒಂದೇ.

ಅಪ್ಪ ಅಕೌಂಟ್ಸ್ ಸೆಕ್ಷನ್ನಿಗೆ ಹೋದರು. ಕಿಂಡಿಯೊಳಗಿನವರು ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಪೂರ್ತಿ ಕಟ್ಟಿದ್ದೀರಲ್ಲ ಸರ್, ಏನೂ ಬಾಕಿ ಇಲ್ಲ.”

“ಬಾಕಿ ಇಲ್ಲ ಅನ್ನೋದೇ ನನ್ನ ಕಷ್ಟ ಸ್ವಾಮಿ. ಮಗನಿಗೆ ಪಾಠ ಇಲ್ಲ, ಲ್ಯಾಬ್ ಇಲ್ಲ, ಲೈಬ್ರರಿ ಇಲ್ಲ. ಅಷ್ಟು ದಿನದ್ದಾದರೂ ವಾಪಸ್ ಕೊಡಿ.”

“ಅದು ಶಿಸ್ತು ವಿಭಾಗ ಸರ್, ಇದು ಲೆಕ್ಕಪತ್ರ ವಿಭಾಗ. ಅವರು ನಿಮ್ಮ ಮಗನನ್ನ ಹೊರಗೆ ಹಾಕಿರಬಹುದು. ನಿಮ್ಮ ದುಡ್ಡಿನ ಮೇಲೆ ನಮಗೆ ಯಾವ ದೂರೂ ಬಂದಿಲ್ಲ.”

ದೂರು ಬರುವುದಾದರೂ ಹೇಗೆ? ಕಟ್ಟಿದ ದಿನದಿಂದ ಆ ದುಡ್ಡು ಒಂದು ದಿನವೂ ಗೈರಾಗಿಲ್ಲ, ಯಾರಿಗೂ ಎದುರಾಡಿಲ್ಲ.

ರಿಫಂಡಿಗೆ ನಿಯಮವೇ ಇಲ್ಲ ಎಂದಲ್ಲ. ಇಂಥ ವಾರದೊಳಗೆ ಬಿಟ್ಟರೆ ಇಷ್ಟು ಭಾಗ, ಇಂಥ ವಾರದೊಳಗಾದರೆ ಇಷ್ಟು, ಆಮೇಲೆ ಸೊನ್ನೆ ಎಂದು ಕೋಷ್ಟಕ ಮಾಡಿ ಗೋಡೆಗೆ ಅಂಟಿಸಿರುತ್ತಾರೆ. ಅದೆಲ್ಲ ತಾನಾಗಿ ಬಿಟ್ಟು ಹೋಗುವವನಿಗೆ. ಕತ್ತು ಹಿಡಿದು ದಬ್ಬಿಸಿಕೊಂಡವನಿಗೆ ಕೋಷ್ಟಕದಲ್ಲಿ ಸಾಲೇ ಇಲ್ಲ. ಇದ್ದರೂ ಏನು ಬಂತು? ಸೆಮಿಸ್ಟರಿನ ಮೊದಲ ವಾರದಲ್ಲೇ ಅಮಾನತಾಗುವಷ್ಟು ಚುರುಕು ಹುಡುಗರು ಅಪರೂಪ.

ಸರ್ಕಾರಿ ನೌಕರನನ್ನು ಅಮಾನತು ಮಾಡಿದರೆ ಜೀವನಾಧಾರ ಭತ್ಯೆ ಎಂದು ಸಂಬಳದ ಒಂದು ಭಾಗ ಕೊಡುತ್ತಾರೆ. ಕೆಲಸ ಮಾಡಬೇಡ, ಆದರೆ ತಗೋ. ವಿದ್ಯಾರ್ಥಿಗೆ ಉಲ್ಟಾ: ಓದಬೇಡ, ಆದರೆ ಕೊಡು. ಆ ಭತ್ಯೆಗೆ ಸರಿಸಮನಾಗಿ ಇದನ್ನು ‘ಕಾಲೇಜಿನ ಜೀವನಾಧಾರ ಭತ್ಯೆ’ ಎಂದು ಕರೆದರೆ ರಸೀದಿಯಾದರೂ ನಿಜ ಹೇಳೀತು.

ಅಮೆರಿಕದಲ್ಲಿ ಇನ್ನೊಂದು ನಾಜೂಕಿದೆ. ಅಲ್ಲಿ ಕೇಂದ್ರ ಸರ್ಕಾರದ ನೆರವಿನಲ್ಲಿ ಓದುವವನು ಅವಧಿಯ 60% ಮುಗಿಯುವ ಮೊದಲೇ ಕಾಲೇಜು ಬಿಡಬೇಕಾಗಿ ಬಂದರೆ, ಸಾಮಾನ್ಯವಾಗಿ ದಿನ ಎಣಿಸಿ ಲೆಕ್ಕ ಹಾಕುತ್ತಾರೆ. ಓದದ ದಿನಗಳ ನೆರವು ಸರ್ಕಾರಕ್ಕೆ ಹಿಂದಿರುಗಬೇಕು. ಸರ್ಕಾರದ ದುಡ್ಡಿಗೆ ವಾಪಸ್ ದಾರಿ ಗೊತ್ತು. ಹಾಗೆ ವಾಪಸ್ ಹೋದದ್ದರಿಂದ ಫೀಸಿನಲ್ಲಿ ಬಿದ್ದ ತೂತನ್ನು ಹುಡುಗನೇ ಮುಚ್ಚಬೇಕಾಗಿ ಬರುವುದೂ ಉಂಟು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಗೊತ್ತಿಲ್ಲ, ಪಾಲನೆಯಂತೂ ಆಗುತ್ತಿದೆ.

ಈ ಜಗಳಕ್ಕೆ ದೊಡ್ಡ ಮನೆತನವೂ ಇದೆ. 1717ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಬೆಂಟ್ಲಿ ಎಂಬ ಮಹಾ ಪಂಡಿತರು ಡಾಕ್ಟರ್ ಪದವಿ ಪಡೆಯುವವರಿಂದ ತಲೆಗೆ 4 ಗಿನಿ (ಆಗಿನ ಚಿನ್ನದ ನಾಣ್ಯ) ಹೆಚ್ಚುವರಿ ಶುಲ್ಕ ಕೇಳಿದರು. ಕಟ್ಟಿದವರಲ್ಲಿ ಕಾನ್ಯರ್ಸ್ ಮಿಡಲ್ಟನ್ ಎಂಬವರು ನನ್ನ ದುಡ್ಡು ವಾಪಸ್ ಕೊಡಿ ಎಂದು ದಾವೆ ಹಾಕಿದರು. ನೋಟಿಸ್ ಬಂದಾಗ ಬೆಂಟ್ಲಿ ಸೊಪ್ಪು ಹಾಕಲಿಲ್ಲ. ಸಿಟ್ಟಿಗೆದ್ದ ವಿಶ್ವವಿದ್ಯಾಲಯ 1718ರಲ್ಲಿ ಅವರ ಪದವಿಗಳನ್ನೇ ಕಿತ್ತುಕೊಂಡಿತು. ಫೀಸು ವಾಪಸಿನ ಗಲಾಟೆಯಲ್ಲಿ ಶಿಕ್ಷೆ ಮೇಷ್ಟ್ರಿಗೇ ಬಿದ್ದ ಪ್ರಸಂಗ ಇದು. ನಮ್ಮ ಹುಡುಗನಿಗೆ ಹೇಳಿದಾಗ ಒಂದು ತಿಂಗಳ ನಂತರ ಮೊದಲ ಸಲ ನಕ್ಕ.

1723ರಲ್ಲಿ ನ್ಯಾಯಾಲಯ ಬೆಂಟ್ಲಿಯ ಕೈ ಹಿಡಿಯಿತು. ಅವರ ಮಾತು ಕೇಳದೆ ಪದವಿ ಕಿತ್ತದ್ದು ತಪ್ಪು ಎಂದಿತು. ನ್ಯಾಯಮೂರ್ತಿ ಫೋರ್ಟೆಸ್ಕ್ಯೂ ಆಗ ಕೊಟ್ಟ ಉದಾಹರಣೆ ಕಾನೂನಿನ ವಿದ್ಯಾರ್ಥಿಗಳಿಗೆ ಇವತ್ತಿಗೂ ಬಾಯಿಪಾಠ: ಬೇಡವೆಂದ ಹಣ್ಣು ತಿಂದ ಬೈಬಲಿನ ಮೊದಲ ಮನುಷ್ಯ ಆದಾಮನಿಗೆ ದೇವರು ಕೂಡ ಸಮಜಾಯಿಷಿ ಕೇಳದೆ ತೀರ್ಪು ಕೊಡಲಿಲ್ಲ. ಎಲ್ಲಿದ್ದೀಯಪ್ಪಾ, ಹಣ್ಣು ತಿಂದೆಯಾ ಎಂದು ಕೇಳಿಯೇ ಹೊರಗೆ ಕಳಿಸಿದ. (1961ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯವೂ ಅಲಬಾಮದ ಸರ್ಕಾರಿ ಕಾಲೇಜಿಗೆ ಇದನ್ನೇ ಹೇಳಬೇಕಾಯಿತು: ನೋಟಿಸ್ ಕೊಡಿ, ಮಾತು ಕೇಳಿ, ಆಮೇಲೆ ಹೊರಹಾಕಿ.)

ಆದಾಮನ ಕಡತವನ್ನು ಇನ್ನೂ ಸ್ವಲ್ಪ ತಿರುವಿ ಹಾಕಿದೆ. ದೇವರು ಪ್ರವೇಶ ಶುಲ್ಕ ತೆಗೆದುಕೊಂಡ ದಾಖಲೆ ಇಲ್ಲ, ಹಾಗಾಗಿ ರಿಫಂಡಿನ ತಗಾದೆಯೂ ಇಲ್ಲ. ಮೇಲಾಗಿ, ಹೊರಗೆ ಹಾಕುವ ಮುಂಚೆ ಗಂಡಹೆಂಡಿರಿಬ್ಬರಿಗೂ ಚರ್ಮದ ಉಡುಪು ಮಾಡಿ ತೊಡಿಸಿದನಂತೆ. ಪುಕ್ಕಟೆ ಯೂನಿಫಾರ್ಮ್! ಕೊನೆಗೆ ತೋಟದ ಬಾಗಿಲಲ್ಲಿ ಉರಿಯುವ ಕತ್ತಿಯ ಕಾವಲು ಇಟ್ಟ. ಈ ಮೂರರಲ್ಲಿ ನಮ್ಮ ಕಾಲೇಜು ಪಾಲಿಸಿದ್ದು ಕಾವಲಿನದ್ದೊಂದೇ.

ವಿಚಾರಣೆ ಏನಾಯಿತು ಎಂದಿರಾ? ಸದಸ್ಯರೊಬ್ಬರು ರಜೆ, ಇನ್ನೊಬ್ಬರು ಪರೀಕ್ಷಾ ಕೆಲಸದಲ್ಲಿ. ಮುಗಿಯುವಷ್ಟರಲ್ಲಿ ಸೆಮಿಸ್ಟರೂ ಮುಗಿದಿತ್ತು. ಎಚ್ಚರಿಕೆ ಕೊಟ್ಟು ಬಿಟ್ಟಿದ್ದೇವೆ ಎಂಬ ಪತ್ರ ಬಂತು. ಜೊತೆಗೇ ಇನ್ನೊಂದು: ಹಾಜರಾತಿ ಕೊರತೆ ಇರುವುದರಿಂದ ಹಾಲ್ ಟಿಕೆಟ್ ಇಲ್ಲ, ಸೆಮಿಸ್ಟರನ್ನು ಶುಲ್ಕ ಸಮೇತ ಪುನರಾವರ್ತಿಸತಕ್ಕದ್ದು. ಅದರ ಬೆನ್ನಿಗೆ ಮೊಬೈಲಿಗೆ ‘ಪ್ರಿಯ ವಿದ್ಯಾರ್ಥಿ’ ಎಂದು ಮೆಸೇಜು. ದಂಡವಿಲ್ಲದೆ ಶುಲ್ಕ ಕಟ್ಟಲು ನಾಳೆಯೇ ಕೊನೆ ದಿನ.

ಅಪ್ಪ ಮಗ ಇಬ್ಬರೂ ಗೇಟಿಗೆ ಓಡಿದರು. ಹುಡುಗನ ಕೈಯಲ್ಲಿ ಲೈಬ್ರರಿ ಪುಸ್ತಕ, ದಿನಕ್ಕಿಷ್ಟು ಎಂದು ಅದರ ಮೇಲೂ ದಂಡ ಬೆಳೆದಿತ್ತು. ಕಾವಲಿನವನು ರಿಜಿಸ್ಟರ್ ತೆರೆದು ಬೆರಳಿಟ್ಟು ಹುಡುಕಿದ.

“ಇಲ್ಲ ಸರ್, ಐಡಿ ಕಾರ್ಡ್ ಇಲ್ಲದೆ ಇವರನ್ನ ಬಿಡೋ ಹಾಗಿಲ್ಲ. ಕಾರ್ಡು ಒಳಗೆ ಆಫೀಸಲ್ಲಿದೆ.”

“ನಾಳೆ ಫೀಸು ಕಟ್ಟಬೇಕಲ್ಲಪ್ಪಾ!”

“ಅಯ್ಯೋ, ಅದಕ್ಕೇನು ಯೋಚನೆ ಮಾಡಬೇಡಿ, ಆನ್‌ಲೈನಲ್ಲಿ ಕಟ್ಟಿಬಿಡಿ. ಅದಕ್ಕೆ ಗೇಟಿಲ್ಲ.”