‘ವಿಂಡ್ ಆಫ್ ಚೇಂಜ್’ ಬರ್ಲಿನ್ ಗೋಡೆ ಬಿದ್ದ ರಾತ್ರಿಯ ಹಾಡಲ್ಲ

ಬಳ್ಳಾರಿಯ ನಮ್ಮ ಗಿಟಾರ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ವಾರದಿಂದ ಒಂದು ವಿಡಿಯೊ ಓಡಾಡುತ್ತಿದೆ. 1989ರ ನವೆಂಬರ್ 9ರ ರಾತ್ರಿ, ಪೂರ್ವ ಮತ್ತು ಪಶ್ಚಿಮ ಬರ್ಲಿನ್ನನ್ನು ಬೇರ್ಪಡಿಸಿದ್ದ ಗೋಡೆ ಬಿದ್ದಾಗ, ಸ್ಕಾರ್ಪಿಯನ್ಸ್ ಎಂಬ ರಾಕ್ ತಂಡ ಅಲ್ಲೇ ನಿಂತು ‘ವಿಂಡ್ ಆಫ್ ಚೇಂಜ್’ ಹಾಡನ್ನು ಹಾಡಿತು ಎಂಬುದು ಅದರ ಒಕ್ಕಣೆ. ಇದು ತಪ್ಪು. ಆ ರಾತ್ರಿ ಈ ಹಾಡನ್ನು ಜಗತ್ತು ಇನ್ನೂ ಕೇಳಿರಲೇ ಇಲ್ಲ. ಈ ಹಾಡಿರುವ ‘ಕ್ರೇಜಿ ವರ್ಲ್ಡ್’ ಆಲ್ಬಮ್ ಬಂದದ್ದು 1990ರ ನವೆಂಬರಿನಲ್ಲಿ, ಹಾಡು ಬಿಡಿಯಾಗಿ, ಅಂದರೆ ಸಿಂಗಲ್ ಆಗಿ ಹೊರಬಂದದ್ದು 1991ರಲ್ಲಿ.

ಹಾಡಿನ ಬೇರು ಇರುವುದು ಮಾಸ್ಕೋದಲ್ಲಿ. 1989ರ ಆಗಸ್ಟ್ 12, 13ರಂದು ಲೆನಿನ್ ಸ್ಟೇಡಿಯಂನಲ್ಲಿ ನಡೆದ ಶಾಂತಿ ಸಂಗೀತೋತ್ಸವದಲ್ಲಿ ಈ ಜರ್ಮನ್ ತಂಡವೂ ನುಡಿಸಿತ್ತು. ಗಾಯಕ ಕ್ಲೌಸ್ ಮೈನೆಗೆ ಹಾಡು ಹೊಳೆದದ್ದು ಆ ಭೇಟಿಯಿಂದ. ಮೊದಲ ಸಾಲಿನಲ್ಲೇ ಮಾಸ್ಕೋದ ಮಾಸ್ಕ್ವಾ ನದಿ, ಗಾರ್ಕಿ ಪಾರ್ಕ್ ಬರುತ್ತವೆ. ಬರ್ಲಿನ್ನಿನ ಹೆಸರು ಹಾಡಿನಲ್ಲಿ ಎಲ್ಲೂ ಇಲ್ಲ. ಸಾಹಿತ್ಯ ಒಮ್ಮೆ ಓದಿದ್ದರೂ ಸಾಕಿತ್ತು.

ಗೊಂದಲ ಹುಟ್ಟಿದ್ದು ಸಹಜವೇ. ಹಾಡಿನ ವಿಡಿಯೊದಲ್ಲಿ ಗೋಡೆಯ ದೃಶ್ಯಗಳಿವೆ, ಜರ್ಮನಿಯಲ್ಲಿ ಅದು ಒಂದನೇ ಸ್ಥಾನಕ್ಕೇರಿತು, ಜನ ಅದನ್ನು ತಮ್ಮ ದೇಶ ಒಂದಾದ ದಿನಗಳ ಹಾಡಾಗಿ ಎದೆಗಪ್ಪಿಕೊಂಡರು. 1999ರಲ್ಲಿ, ಗೋಡೆ ಬಿದ್ದ ಹತ್ತನೇ ವರ್ಷಕ್ಕೆ, ತಂಡ ಬರ್ಲಿನ್ನಿನಲ್ಲಿ ಇದನ್ನು ಹಾಡಿದ್ದೂ ನಿಜ.

ಇನ್ನೊಂದು ಮಾತು. ಶುರುವಿನ ಸಿಳ್ಳೆ ಕೊಳಲಿನದು ಎಂದು ಯಾರೋ ಬರೆದಿದ್ದಾರೆ. ಅಲ್ಲ, ಅದು ಮೈನೆಯದೇ ತುಟಿಯಿಂದ ಬಂದದ್ದು. ನನಗೆ ಇಡೀ ಹಾಡಿನಲ್ಲಿ ಅತಿ ಪ್ರಿಯವಾದ ಭಾಗ ಅದೇ. ಕೋಟೆ ಗುಡ್ಡದ ಕೆಳಗೆ ಸಂಜೆ ಅಭ್ಯಾಸಕ್ಕೆ ಕೂತಾಗ ಮೊದಲು ಅದನ್ನೇ ಹಿಡಿಯುತ್ತೇವೆ. ವಿಡಿಯೊ ಮುಂದೆ ಕಳಿಸಿದವರು ದಯವಿಟ್ಟು ಈ ತಿದ್ದುಪಡಿಯನ್ನೂ ಕಳಿಸಿ.