ಹುಟ್ಟದೇ ಇದ್ದವರ ಹುಟ್ಟಿದ ದಿನಾಂಕ

ಸ್ಟಾರ್ ವಾರ್ಸ್ ಕಥೆಯಲ್ಲಿ ಬರುವ ಕಿ-ಆಡಿ-ಮುಂಡಿಯವರ ವಯಸ್ಸಿನ ವಿವಾದ ಇನ್ನೂ ಇತ್ಯರ್ಥವಾಗಿಲ್ಲ. ವಿವಾದ ಹುಟ್ಟಿಸಿದ ‘ದಿ ಅಕೊಲೈಟ್’ ಸೀರೀಸ್ ಬಂತು, ಹೋಯ್ತು, ಒಂದೇ ಸೀಸನ್‌ಗೆ ಬಾಗಿಲು ಹಾಕಿಕೊಂಡಿತು. ಜಗಳ ಮಾತ್ರ ಗಟ್ಟಿಮುಟ್ಟಾಗಿದೆ. ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ದೊಡ್ಡವರಾದ ಇಬ್ಬರು ಕೂಡಿಸಿ ಕಳೆದು ಲೆಕ್ಕ ಹಾಕಿ, ಕೊನೆಗೆ ಒಬ್ಬರ ಹುಟ್ಟಿನ ಬಗ್ಗೆ ಇನ್ನೊಬ್ಬರು ಅನುಮಾನಪಡುವ ಮಟ್ಟಕ್ಕೆ ಹೋಗಿದ್ದರು.

ಗೊತ್ತಲ್ವಾ ಅವರು? ಗೋಪುರದ ಹಾಗೆ ಉದ್ದ ತಲೆ, ಬಿಳಿ ಗಡ್ಡ, ಜೆಡೈ ಅನ್ನೋ ಯೋಧರ ಸಭೆಯಲ್ಲಿ ಗಂಭೀರವಾಗಿ ಕೂತಿರುತ್ತಾರಲ್ಲ, ಅವರೇ. 1999ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಅವರಿಗಿದ್ದ ಮುಖ್ಯ ಕೆಲಸ ಕೂರುವುದು. ‘ದಿ ಅಕೊಲೈಟ್’ ಕಥೆ ನಡೆಯುವುದು ಅದಕ್ಕೂ ಸುಮಾರು ನೂರು ವರ್ಷ ಮೊದಲು. ಅಲ್ಲೂ ಇವರು ಕೆಲವು ಕ್ಷಣ ಮುಖ ತೋರಿಸಿದರು. ತೊಂಬತ್ತರ ದಶಕದ ಒಂದು ಸಿಡಿ-ರಾಮ್‌ನ ಮಾಹಿತಿ ಹಿಡಿದು ಲೆಕ್ಕ ಹಾಕಿದರೆ, ಆಗ ಅವರು ಹುಟ್ಟಿಯೇ ಇರಲಿಲ್ಲ. ಹುಟ್ಟದೇ ಇದ್ದವರು ಸಭೆಗೆ ಬರುವುದು ಹೇಗೆ? ಬೆಳಕಿನ ಕತ್ತಿ ಇದೆ, ಮನಸ್ಸಿನಿಂದ ಕಲ್ಲು ಎತ್ತುವವರಿದ್ದಾರೆ, ಗಾಳಿಯೇ ಇಲ್ಲದ ಜಾಗದಲ್ಲಿ ಢಂ ಅಂತ ಶಬ್ದ ಬರುತ್ತದೆ. ಅದೆಲ್ಲ ಸರಿ. ಆದರೆ ಹುಟ್ಟಿದ ದಿನಾಂಕದಲ್ಲಿ ತಮಾಷೆ ಬೇಡ.

ಫ್ಯಾನ್‌ಗಳೇ ಬಿಡುವಿನ ವೇಳೆಯಲ್ಲಿ ನಡೆಸುವ ಒಂದು ಸ್ಟಾರ್ ವಾರ್ಸ್ ವಿಶ್ವಕೋಶ ಇದೆ. 2024ರ ಜೂನ್‌ನಲ್ಲಿ ಅವರು ಆ ತಾರೀಖನ್ನು ತಿದ್ದಿದರು. ಸಂಬಳ ಇಲ್ಲ, ಸಾರಿಗೆ ಇಲ್ಲ, ಸುಮ್ನೆ ಪ್ರೀತಿಗೆ ಮಾಡುವ ಕೆಲಸ. ಅದಕ್ಕೆ ಬಂದ ಬಹುಮಾನ ಕೊಲೆ ಬೆದರಿಕೆ. ಸ್ವಾರಸ್ಯ ಏನು ಅಂದರೆ, 2014ರ ಏಪ್ರಿಲ್‌ನಲ್ಲೇ ಸ್ಟಾರ್ ವಾರ್ಸ್ ಕಂಪನಿಯವರು ಹಳೆಯ ಕಾದಂಬರಿ, ಕಾಮಿಕ್ಸ್, ಆಟ, ಸಿಡಿ ಎಲ್ಲವನ್ನೂ ಸಾರಾಸಗಟಾಗಿ ಅಧಿಕೃತ ಕಥೆಯಿಂದ ಹೊರಗೆ ಹಾಕಿದ್ದರು. ಅಂದರೆ ಆ ಜನ್ಮದಿನಾಂಕ ರದ್ದಾಗಿ ಆಗಲೇ ಹತ್ತು ವರ್ಷ ಆಗಿತ್ತು. ರದ್ದಾದ ದಾಖಲೆಯನ್ನು ಎದೆಗೊತ್ತಿಕೊಂಡು ಕೂತವರಿಗೆ ಯಾವ ಕಚೇರಿ ತಾನೇ ಸಮಾಧಾನ ಹೇಳೀತು!

ಜನ್ಮದಿನಾಂಕದ ಮಾತು ಬಂತಲ್ಲ, ಅಮೆರಿಕದ ಅಯೋವಾ ರಾಜ್ಯದಲ್ಲಿ ರಿವರ್‌ಸೈಡ್ ಅಂತ ಒಂದು ಪುಟ್ಟ ಊರಿದೆ. ಅಲ್ಲೊಂದು ಕಲ್ಲು ನೆಟ್ಟಿದ್ದಾರೆ. ಸ್ಟಾರ್ ಟ್ರೆಕ್ ಸೀರೀಸ್‌ನ ಕ್ಯಾಪ್ಟನ್ ಕರ್ಕ್ ಮುಂದೆ ಹುಟ್ಟಲಿರುವ ಸ್ಥಳ ಇದು, ದಿನಾಂಕ ಮಾರ್ಚ್ 22, 2228, ಎಂದು ಅದರ ಮೇಲೆ ಕೆತ್ತಿದೆ. ಸೀರೀಸ್ ಬಗ್ಗೆ ಬಂದ ಪುಸ್ತಕದಲ್ಲಿ ಕರ್ಕ್ ಅಯೋವಾದವನು ಅಂತಿತ್ತು, ಯಾವ ಊರು ಅಂತ ಹೇಳಿರಲಿಲ್ಲ. ಹಾಗಾದರೆ ನಮ್ಮದೇ ಇರಲಿ ಅಂತ 1985ರಲ್ಲಿ ಊರಿನವರು ತೀರ್ಮಾನಿಸಿಬಿಟ್ಟರು. ಎಂಥ ಸರಳ ಆಡಳಿತ ನೋಡಿ! ಆ ಮಾರ್ಚ್ 22 ಆ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಅವರ ಹುಟ್ಟುಹಬ್ಬ. ಇನ್ನು ವರ್ಷ? ಆಮೇಲೆ ಬಂದ ಅಧಿಕೃತ ಲೆಕ್ಕದಲ್ಲಿ ಕರ್ಕ್ ಹುಟ್ಟುವುದು 2233ರಲ್ಲಿ. ಕಲ್ಲಿನದ್ದು ಐದು ವರ್ಷ ಮುಂಚೆ. ಊರಿನವರು ಕಲ್ಲು ಕೀಳಲಿಲ್ಲ, ಯಾರ ತಲೆಯನ್ನೂ ಕೇಳಲಿಲ್ಲ. ಪ್ರತಿ ಬೇಸಿಗೆಯಲ್ಲೂ ಉತ್ಸವ ಮಾಡಿಕೊಂಡು ಆರಾಮಾಗಿದ್ದಾರೆ. ಹುಚ್ಚಿದ್ದರೆ ಹೀಗಿರಬೇಕು ಅಂತ ನನ್ನ ಅಭಿಪ್ರಾಯ. ಯಾರಿಗೂ ಪೆಟ್ಟಾಗಬಾರದು, ಮತ್ತೆ ಕಲ್ಲು ಗಟ್ಟಿಯಾಗಿರಬೇಕು.

ಹಾಗಂತ ಸ್ಟಾರ್ ಟ್ರೆಕ್ ಬಳಗದವರು ಯಾವಾಗಲೂ ಇಷ್ಟು ಸಾಧುಗಳಾಗಿದ್ದರು ಅಂದುಕೊಳ್ಳಬೇಡಿ. ಕಥೆಗಾಗಿ ಹಟ ಹಿಡಿಯುವ ಈ ಉದ್ಯಮಕ್ಕೆ ಅಡಿಗಲ್ಲು ಹಾಕಿದವರೇ ಅವರು. ಎರಡನೇ ಸೀಸನ್‌ಗೇ ಎನ್‌ಬಿಸಿ ಚಾನೆಲ್ ಸೀರೀಸ್ ನಿಲ್ಲಿಸುತ್ತದೆ ಅನ್ನೋ ಸುದ್ದಿ ಹಬ್ಬಿತು. ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದು ಬಿದ್ದವು. 1968ರ ಜನವರಿಯಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ಪಂಜು ಹಿಡಿದು ಬರ್ಬ್ಯಾಂಕ್‌ನ ಸ್ಟುಡಿಯೋಗೆ ಮೆರವಣಿಗೆ ಹೋದರು. ಆ ಕಾಲದ ಅತಿ ಬುದ್ಧಿವಂತ ವಿಜ್ಞಾನ ವಿದ್ಯಾರ್ಥಿಗಳು ಅವರು. ಕೈಯಲ್ಲಿ ಬೆಂಕಿ, ಮನಸ್ಸಿನಲ್ಲಿ ಸೀರೀಸ್‌ನ ಚೂಪುಕಿವಿಯ ಸ್ಪಾಕ್. ಚಾನೆಲ್ ಮಣಿಯಿತು. ಸೀರೀಸ್ ಮುಂದುವರಿಯುತ್ತದೆ, ದಯವಿಟ್ಟು ಇನ್ನು ಬರೆಯಬೇಡಿ ಅನ್ನೋ ಧಾಟಿಯಲ್ಲಿ ಟಿವಿಯಲ್ಲೇ ಪ್ರಕಟಿಸಿತು. ಫ್ಯಾನ್‌ಗಳು ಸುಮ್ಮನಿರುತ್ತಾರಾ? ಧನ್ಯವಾದ ಹೇಳಿ ಮತ್ತೆ ರಾಶಿ ರಾಶಿ ಪತ್ರ ಬರೆದರು.

ಚಾನೆಲ್‌ನವರೇನು ಕಡಿಮೆಯಾ? ಮೂರನೇ ಸೀಸನ್ನನ್ನು ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿದರು. ಪತ್ರ ಬರೆದ ಹುಡುಗ ಹುಡುಗಿಯರೆಲ್ಲ ಮನೆಯಿಂದ ಹೊರಗಿರುವ ಹೊತ್ತು ಅದು. ನೋಡುವವರು ಕಡಿಮೆಯಾದರು, ಅದನ್ನೇ ನೆಪ ಮಾಡಿ ಮುಗಿಸಿದರು. ಕೊನೆಯ ಎಪಿಸೋಡ್ ಬಂದದ್ದು 1969ರ ಜೂನ್ 3ರಂದು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಮನುಷ್ಯ ನಿಜವಾಗಿಯೇ ಚಂದ್ರನ ಮೇಲೆ ಇಳಿದ. ಬೇರೆ ಲೋಕಕ್ಕೆ ಹೋಗುವ ಕಥೆ ನೋಡುವವರಿಲ್ಲ ಅಂತ ತೀರ್ಮಾನ ಮಾಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕುತ್ತಿತ್ತಾ!

ಪತ್ರದ ರುಚಿ ಹತ್ತಿದವರನ್ನು ತಡೆಯುವುದು ಕಷ್ಟ. 1976ರಲ್ಲಿ ನಾಸಾದ ಮೊದಲ ಷಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಅಂತ ಹೆಸರಿಡಬೇಕು ಅಂತಿತ್ತು. ಅಂದರೆ ಸಂವಿಧಾನ. ಫ್ಯಾನ್‌ಗಳು ಶ್ವೇತಭವನಕ್ಕೆ ಬರೆದರು. ಸಂವಿಧಾನ ಸೋತಿತು, ಸೀರೀಸ್‌ನ ನೌಕೆಯ ಹೆಸರಾದ ‘ಎಂಟರ್‌ಪ್ರೈಸ್’ ಗೆದ್ದಿತು. ಷಟಲ್ ಹೊರಗೆ ಬಂದ ದಿನ ಸೀರೀಸ್‌ನ ನಟರಲ್ಲಿ ಹಲವರು ಸಾಲಾಗಿ ನಿಂತು ನೋಡಿದರು. ಆದರೆ ಆ ಷಟಲ್ ಗಾಳಿಯಲ್ಲಿ ತೇಲಿ ಇಳಿಯುವ ಪರೀಕ್ಷೆಗಾಗಿ ಮಾಡಿದ್ದು. ಬಾಹ್ಯಾಕಾಶಕ್ಕೆ ಒಯ್ಯುವ ಎಂಜಿನ್ ಅದರಲ್ಲಿರಲಿಲ್ಲ, ವಾಪಸ್ ಬರುವಾಗ ಬಿಸಿ ತಡೆಯುವ ಕವಚವೂ ಇರಲಿಲ್ಲ. ಹಟ ಹಿಡಿದು ಪಡೆದ ಹೆಸರು, ಒಮ್ಮೆಯೂ ಬಾಹ್ಯಾಕಾಶ ನೋಡದ ನೌಕೆಗೆ ಹೋಯಿತು. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ.

2007ರ ಹೊತ್ತಿಗೆ ಪತ್ರಗಳ ಕಾಲ ಹೋಗಿ ಕಡಲೆಕಾಯಿ ಕಾಲ ಬಂದಿತ್ತು. ‘ಜೆರಿಕೋ’ ನಿಲ್ಲಿಸಿದ್ದಕ್ಕೆ ಸಿಬಿಎಸ್ ಚಾನೆಲ್‌ಗೆ 20 ಟನ್‌ಗೂ ಜಾಸ್ತಿ ಕಡಲೆಕಾಯಿ ಕಳಿಸಿದರು. ಕೊನೆಯ ಎಪಿಸೋಡಿನಲ್ಲಿ ನಾಯಕ ‘ನಟ್ಸ್’ (ಆಗಲ್ಲ ಹೋಗು ಅಂತ; ಕಡಲೆಕಾಯಿಯಂಥ ಬೀಜಕ್ಕೂ ಇದೇ ಪದ) ಅನ್ನುತ್ತಾನೆ, ಅದಕ್ಕೆ. ಆಫೀಸಿನಲ್ಲಿ ಅಂಚೆ ವಿಂಗಡಿಸುವವರ ಪಾಡನ್ನು ನೆನೆಯಿರಿ. ಸೀರೀಸ್ ನಿಲ್ಲಿಸುವ ತೀರ್ಮಾನದಲ್ಲಿ ಅವರ ಪಾಲು ಏನೂ ಇಲ್ಲ, ಮೂಟೆ ಹೊತ್ತವರು ಮಾತ್ರ ಅವರೇ. ಚಾನೆಲ್ ಏಳು ಎಪಿಸೋಡ್ ಕೊಟ್ಟು ಮರುವರ್ಷ ಮತ್ತೆ ನಿಲ್ಲಿಸಿತು. ಟನ್ನಿಗೆ ಎಷ್ಟು ಬಿತ್ತು ಅಂತ ನೀವೇ ಭಾಗಿಸಿಕೊಳ್ಳಿ.

ನನಗೆ ಇವೆಲ್ಲಕ್ಕಿಂತ ಇಷ್ಟವಾದವರು 2005ರ ಹಾಲಿವುಡ್ ಸರದಿಯವರು. ಸ್ಟಾರ್ ವಾರ್ಸ್ ಸಿನಿಮಾಕ್ಕೆ ಇನ್ನೂ ಒಂದೂವರೆ ತಿಂಗಳಿರುವಾಗಲೇ ಗ್ರಾಮನ್ಸ್ ಚೈನೀಸ್ ಥಿಯೇಟರ್ ಮುಂದೆ ಸಾಲು ನಿಂತರು. ಸಿನಿಮಾ ಈ ಥಿಯೇಟರ್‌ಗೆ ಬರುವುದಿಲ್ಲ ಅಂತ ಹೇಳಿಯಾಗಿತ್ತು. ಅವರು ಕದಲಲಿಲ್ಲ. ಹಿಂದಿನವು ಇಲ್ಲೇ ಬಂದಿದ್ದವು, ಇದೂ ಇಲ್ಲೇ ಬರಬೇಕು ಅನ್ನೋ ನಂಬಿಕೆ. ಬರಲಿಲ್ಲ. ಈ ಮಟ್ಟದ ಭಕ್ತಿಗೆ ನನ್ನ ಹತ್ತಿರ ಬೈಗುಳ ಇಲ್ಲ. ಬಾರದ ದೇವರಿಗಾಗಿ ಬಾಗಿಲಲ್ಲಿ ಕಾಯುವುದು ದೊಡ್ಡ ಪರಂಪರೆ, ನಾವ್ಯಾರು ನಗೋಕೆ?

ಬ್ರಿಟನ್ನಿನ ಕಾರ್ಡಿಫ್‌ನ ಮರ್ಮೇಡ್ ಕೀ ಎಂಬಲ್ಲಿ ಇಯಾಂಟೊ ಜೋನ್ಸ್ ಅನ್ನೋ ಪಾತ್ರಕ್ಕೂ ಹೀಗೇ ಒಂದು ಸ್ಮಾರಕ ಹುಟ್ಟಿಕೊಂಡಿತು. ‘ಟಾರ್ಚ್‌ವುಡ್’ ಸೀರೀಸ್‌ನಲ್ಲಿ 2009ರಲ್ಲಿ ಸತ್ತ ಹುಡುಗ. ಹೂವು, ಫೋಟೋ, ಚೀಟಿ, ಕೈಬರಹದ ಪದ್ಯ ಎಲ್ಲ ತಂದು ಗೋಡೆಗೆ ಅಂಟಿಸಿದರು. ಪ್ರವಾಸಿಗರು ನಿಜವಾದ ಮನುಷ್ಯ ಅಂದುಕೊಂಡು ಒಂದು ಕ್ಷಣ ಟೋಪಿ ತೆಗೆದರೆ ತಪ್ಪು ಹೇಳುವಂತಿಲ್ಲ. ಇಲ್ಲದವನಿಗಾಗಿ ಅಳುವುದು ತಪ್ಪಾ? ಕಥೆ ಕೇಳಿ ಅಳದವರು ಯಾರಿದ್ದಾರೆ?

ಇಲ್ಲದವರಿಗಾಗಿ ಇರುವವರನ್ನು ಅಳಿಸಲು ಹೊರಟಾಗ ನನ್ನ ನಗು ನಿಲ್ಲುತ್ತದೆ.

ಸ್ಪಾಕ್ ಪಾತ್ರ ಮಾಡಿದ ಲಿಯೊನಾರ್ಡ್ ನಿಮೋಯ್ 1975ರಲ್ಲಿ ಆತ್ಮಕಥೆ ಬರೆದು ‘ಐ ಆಮ್ ನಾಟ್ ಸ್ಪಾಕ್’ ಅಂತ ಹೆಸರಿಟ್ಟರು. ನಾನು ಸ್ಪಾಕ್ ಅಲ್ಲ ಅಂತ. ಎಷ್ಟು ನಿಜವಾದ ಮಾತು, ಕಿವಿ ನೋಡಿದರೇ ಗೊತ್ತಾಗುತ್ತೆ. ಜನ ಸಿಟ್ಟಾದರು. ಒಳಗೆ ಏನು ಬರೆದಿದೆ ಅಂತ ಓದುವ ತಾಳ್ಮೆ ಎಷ್ಟೋ ಜನಕ್ಕೆ ಇರಲಿಲ್ಲ, ಮುಖಪುಟವೇ ಸಾಕಾಯಿತು. ಇಪ್ಪತ್ತು ವರ್ಷ ಕಾದು 1995ರಲ್ಲಿ ಅವರು ಇನ್ನೊಂದು ಪುಸ್ತಕ ಬರೆದರು: ‘ಐ ಆಮ್ ಸ್ಪಾಕ್’. ತನ್ನ ಹೆಸರಿನ ವಿಚಾರದಲ್ಲೂ ಬಹುಮತಕ್ಕೆ ತಲೆಬಾಗಿದ ಮನುಷ್ಯ.

ಅದು ತಮಾಷೆಯ ಪ್ರಸಂಗ. ಇದು ಅಲ್ಲ. 1999ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಜಾರ್ ಜಾರ್ ಬಿಂಕ್ಸ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಆಗ ಇಪ್ಪತ್ತೈದರ ಆಸುಪಾಸಿನ ಹುಡುಗ. ಆ ಪಾತ್ರದ ಮೇಲೆ ಬಿದ್ದ ದ್ವೇಷದಿಂದ ಜೀವ ಕಳೆದುಕೊಳ್ಳುವ ಅಂಚಿಗೆ ಹೋಗಿದ್ದೆ ಅಂತ 2018ರಲ್ಲಿ ಅವರೇ ಹೇಳಿದರು. ಅದೇ ವರ್ಷ, 2017ರ ಸ್ಟಾರ್ ವಾರ್ಸ್ ಸಿನಿಮಾದ ನಟಿ ಕೆಲ್ಲಿ ಮೇರಿ ಟ್ರಾನ್ ತಮ್ಮ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿ ಹೋದರು. ತಿಂಗಳುಗಟ್ಟಲೆ ಅವರ ಬಣ್ಣ, ಕಣ್ಣು, ಮೈಕಟ್ಟು ಎಲ್ಲದರ ಬಗ್ಗೆ ಹೊಲಸು ಮಾತು. ಮಾಡಿದ ತಪ್ಪು ಏನು? ಆಡಿಷನ್‌ಗೆ ಹೋದರು, ಪಾತ್ರ ಸಿಕ್ಕಿತು, ಬರೆದುಕೊಟ್ಟ ಮಾತು ಹೇಳಿದರು. ಮುಂದಿನ ಸಿನಿಮಾದಲ್ಲಿ ಅವರ ಪಾತ್ರ ಹೆಚ್ಚು ಕಡಿಮೆ ಒಂದು ನಿಮಿಷಕ್ಕೆ ಇಳಿಯಿತು. ಕೂಗಿದವರಿಗೆ ಇನ್ನೇನು ಪಾಠ ಸಿಗಬೇಕು? ಕೂಗಿದರೆ ಕೆಲಸ ಆಗುತ್ತೆ ಅನ್ನೋ ಪಾಠ ಸಿಕ್ಕಿತು. 2022ರಲ್ಲಿ ಒಂದು ಸ್ಟಾರ್ ವಾರ್ಸ್ ಸೀರೀಸ್‌ಗೆ ನಟಿ ಮೋಸೆಸ್ ಇಂಗ್ರಾಂ ಬಂದಾಗ ಮತ್ತೆ ಅದೇ ಹೊಲಸು. ಇದನ್ನೂ ಬಾಲ್ಯದ ನೆನಪು, ಭಾವನೆ, ಪ್ರೀತಿ ಅಂತ ಕರೆಯುತ್ತಾರೆ. ನಿಮ್ಮ ಬಾಲ್ಯ ಹಾಳಾಗಿಲ್ಲ ಸ್ವಾಮಿ, ಅದು ಮುಗಿದಿದೆ. ಆ ಹೆಣ್ಣುಮಕ್ಕಳ ಯೌವನ ಮಾತ್ರ ಹಾಳಾಗುತ್ತಿತ್ತು. ಸಾಕಾಗಿದೆ, ನಿಜಕ್ಕೂ.

2023ರಲ್ಲಿ ಅಹ್ಮದ್ ಬೆಸ್ಟ್ ಇನ್ನೊಂದು ಸ್ಟಾರ್ ವಾರ್ಸ್ ಸೀರೀಸ್‌ನಲ್ಲಿ ಜೆಡೈ ಆಗಿ ಬಂದರು. ಫ್ಯಾನ್‌ಗಳು ಶಿಳ್ಳೆ ಹೊಡೆದರು, ಕಣ್ಣೀರು ಹಾಕಿದರು. ಒಳ್ಳೆಯದು. ಕ್ಷಮಿಸಿ ಅಂದವರು ಎಷ್ಟು ಜನವೋ.

ಕಥೆ ಯಾರದ್ದು ಅನ್ನೋದೇ ಇಲ್ಲಿರುವ ಗಂಟು. ಊಟಕ್ಕೆ ಕರೆದವರ ಮನೆಯ ಖಾತೆಯನ್ನೇ ತಮ್ಮ ಹೆಸರಿಗೆ ಬರೆಸಿಕೊಳ್ಳಲು ಕೂತಿದ್ದಾರೆ ಫ್ಯಾನ್‌ಗಳು. ಮನೆಯವರೇನು ಸಾಚಾನಾ? 1988ರಲ್ಲಿ ಸ್ಟಾರ್ ವಾರ್ಸ್ ಸೃಷ್ಟಿಸಿದ ಜಾರ್ಜ್ ಲ್ಯೂಕಸ್ ಅಮೆರಿಕದ ಸಂಸತ್ತಿನ ಮುಂದೆ ನಿಂತು, ಹಳೆಯ ಸಿನಿಮಾಗಳಿಗೆ ಬಣ್ಣ ಹಚ್ಚಿ ಬದಲಾಯಿಸುವವರ ವಿರುದ್ಧ ಮಾತಾಡಿದರು. ಲಾಭಕ್ಕಾಗಿ ಕಲೆಯನ್ನು ತಿದ್ದುವವರು ಅನಾಗರಿಕರು ಅಂದರು. ಎಂಥ ಮಾತು! 1997ರಲ್ಲಿ ಅದೇ ಲ್ಯೂಕಸ್ ತಮ್ಮದೇ 1977ರ ಸಿನಿಮಾ ತಿದ್ದಿದರು. ನಾಯಕರಲ್ಲೊಬ್ಬ ಹ್ಯಾನ್ ಸೋಲೋ ಮೊದಲು ಗುಂಡು ಹಾರಿಸುತ್ತಿದ್ದ, ಈಗ ಅವನನ್ನು ಹಿಡಿಯಲು ಬಂದ ಗ್ರೀಡೋ ಮೊದಲು ಹಾರಿಸುವ ಹಾಗಾಯಿತು. ಒಂದು ಮೇಜು, ಎದುರುಬದುರು ಇಬ್ಬರು, ಕೈಗೆಟಕುವ ದೂರ. ಆದರೂ ಗ್ರೀಡೋ ಗುರಿ ತಪ್ಪುತ್ತದೆ. ಸುಪಾರಿ ಕೊಲೆಗಾರನ ಮಾನ ಹೋಯಿತು. 2004ರಲ್ಲಿ ಆ ದೃಶ್ಯವನ್ನು ಮತ್ತೆ ತಿದ್ದಿದರು. 2019ರಲ್ಲಿ ಬಂದ ಪ್ರತಿಯಲ್ಲಿ ಗ್ರೀಡೋ ಸಾಯುವ ಮೊದಲು ‘ಮ್ಯಾಕ್ಲಂಕಿ’ ಅನ್ನುತ್ತಾನೆ. ಯಾಕೆ ಅಂತ ಕೇಳಬೇಡಿ. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಆಗ ಬಂತು, ಅಷ್ಟೇ. ಈ ಒಂದು ವಿಚಾರದಲ್ಲಿ ನಾನು ಪೂರ್ತಿ ಫ್ಯಾನ್‌ಗಳ ಕಡೆ. ಹ್ಯಾನ್‌ನೇ ಮೊದಲು ಹಾರಿಸಿದ್ದು. ನಾನು ಇದನ್ನು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ.

2012ರಲ್ಲಿ ಡಿಸ್ನಿ ಈ ಇಡೀ ಸಂಸಾರವನ್ನು ಸುಮಾರು 405 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಆ ಬೆಲೆಯಲ್ಲಿ ಬೆಳಕಿನ ಕತ್ತಿಯ ಪಾಲೆಷ್ಟು, ನಿಮ್ಮ ಕಣ್ಣೀರಿನ ಪಾಲೆಷ್ಟು? ಕಣ್ಣೀರಿನದ್ದೇ ಜಾಸ್ತಿ. ಅಳುವವರು ಹಣ ಕೊಡುತ್ತಾರೆ, ಬೈಯುವವರೂ ಬೈಯಲಿಕ್ಕಾದರೂ ಒಂದು ಸಲ ನೋಡುತ್ತಾರೆ. 2017ರ ಸಿನಿಮಾವನ್ನು ಅಧಿಕೃತ ಕಥೆಯಿಂದ ತೆಗೆದುಹಾಕಿ ಅಂತ ಡಿಸ್ನಿಗೆ ಬರೆದ ಅರ್ಜಿಗೆ ಲಕ್ಷ ಮೀರಿ ಸಹಿ ಬಿತ್ತು. ಅವರಲ್ಲಿ ಬಹಳಷ್ಟು ಮಂದಿ ಟಿಕೆಟ್ ಕೊಂಡು ನೋಡಿಯೇ ಸಹಿ ಹಾಕಿರಬೇಕು. ಗಲ್ಲಾಪೆಟ್ಟಿಗೆ ಸಹಿಯನ್ನು ಎಣಿಸುವುದಿಲ್ಲ.

ನಿಜವಾಗಿ ಫಲ ಕೊಟ್ಟ ಅಭಿಯಾನ ಅಂದರೆ ‘ದಿ ಎಕ್ಸ್‌ಪ್ಯಾನ್ಸ್’ದು. 2018ರಲ್ಲಿ ಒಂದು ಚಾನೆಲ್ ಅದನ್ನು ಕೈಬಿಟ್ಟಿತು. ಫ್ಯಾನ್‌ಗಳು ಹಣ ಕೂಡಿಸಿ ಒಂದು ವಿಮಾನ ಬಾಡಿಗೆಗೆ ಹಿಡಿದರು. ‘ಸೀರೀಸ್ ಉಳಿಸಿ’ ಅನ್ನೋ ಬ್ಯಾನರ್ ಕಟ್ಟಿ ಅಮೆಜಾನ್ ಸ್ಟುಡಿಯೋ ಮೇಲೆ ಹಾರಿಸಿದರು. ಅದೇ ತಿಂಗಳು ಬಾಹ್ಯಾಕಾಶದ ಒಂದು ಸಮ್ಮೇಳನದಲ್ಲಿ ಜೆಫ್ ಬೆಜೋಸ್ ತಾವೇ ಎದ್ದು, ಸೀರೀಸ್ ಉಳಿಯಿತು ಎಂದು ಘೋಷಿಸಿದರು. ಆ ನಟರೂ ಅಲ್ಲೇ ಇದ್ದರು. ಬೆಜೋಸ್ ಕೂಡ ಆ ಕಥೆಯ ಫ್ಯಾನ್ ಅಂತೆ. ಲಕ್ಷ ಜನ ಬಾಡಿಗೆ ವಿಮಾನದವರು, ಒಬ್ಬರು ಸ್ವಂತ ರಾಕೆಟ್ ಕಂಪನಿಯವರು. ಯಾರ ಅರ್ಜಿ ಪಾಸಾಯಿತು ಅಂತ ನಾನು ಹೇಳಬೇಕಾಗಿಲ್ಲ.

ಆರನೇ ಸೀಸನ್‌ಗೆ, 2022ರ ಜನವರಿಯಲ್ಲಿ, ಅದೂ ಮುಗಿಯಿತು. ಅದಕ್ಕೆ ಆಧಾರವಾದ ಒಂಬತ್ತು ಕಾದಂಬರಿಗಳಲ್ಲಿ ಮೂರು ಹಾಗೇ ಉಳಿದಿವೆ. ಉಳಿದದ್ದನ್ನೂ ಸೀರೀಸ್ ಮಾಡಿ ಅಂತ ಫ್ಯಾನ್‌ಗಳು ಕೇಳುತ್ತಲೇ ಇದ್ದಾರೆ. ಸಹಿ ಹಾಕುವವರು ಹಾಕಿ, ನನ್ನದೂ ಒಂದಿರಲಿ. ಕಡಲೆಕಾಯಿ ಮಾತ್ರ ಕಳಿಸಬೇಡಿ.